ತಿಂದವರ ಮಾತು ಎಲ್ಲಿ ಸಿಗುತ್ತದೆ?

ಹೆತ್ತವರಿಗೆ ಹೆಗ್ಗಣ ಮುದ್ದು ಎಂಬ ಗಾದೆಯನ್ನು ನಮ್ಮ ಹಿರಿಯರು ಮಕ್ಕಳನ್ನು ಕುರಿತು ಕಟ್ಟಿದರೋ, ಮಾರಾಟದ ಸರಕನ್ನು ಕುರಿತು ಕಟ್ಟಿದರೋ ಎಂದು ನನಗೆ ಆಗಾಗ ಅನುಮಾನ ಬರುತ್ತದೆ. ತಾನು ಕುಟ್ಟಿದ ಚಟ್ನಿಪುಡಿಯನ್ನು ತಾನೇ ಹೊಗಳಿಕೊಂಡರೆ ಯಾರೂ ನಂಬುವುದಿಲ್ಲ. ಅದೇ ಪಕ್ಕದ ಮನೆಯಾಕೆ ಬಟ್ಟಲು ಹಿಡಿದು ಬಂದು, "ಒಸಿ ಇದ್ರೆ ಕೊಡಿ ಕಣಕ್ಕ, ನಮ್ ಯಜಮಾನ್ರು ಅದೇ ಬೇಕು ಅಂತವ್ರೆ" ಎಂದರೆ ಬೀದಿಯೆಲ್ಲ ನಂಬುತ್ತದೆ. ಮಾಡಿದವಳ ಮಾತಿಗಿಂತ ತಿಂದವಳ ಮಾತಿಗೆ ತೂಕ ಹೆಚ್ಚು. ಇದು ಅಂಗಡಿ ಇಟ್ಟವರಿಗೆಲ್ಲ ಗೊತ್ತಿರುವ ಹಳೆಯ ಸತ್ಯ.

ಈ ಹಳೆಯ ಸತ್ಯಕ್ಕೆ ಈಗ ಪೇಟೆಯಲ್ಲಿ ಹೊಸ ಹೆಸರು ಬಂದಿದೆ. ಬಳಕೆದಾರರೇ ತಯಾರಿಸಿದ ಸಾಮಗ್ರಿ ಎನ್ನುತ್ತಾರೆ. ಚಿಕ್ಕದಾಗಿ ಯುಜಿಸಿ. ನಾನು ಪಾಠ ಹೇಳುತ್ತಿದ್ದ ಕಾಲದಲ್ಲಿ ಯುಜಿಸಿ ಎಂದರೆ ಮೇಷ್ಟ್ರುಗಳಿಗೆ ನೆನಪಾಗುತ್ತಿದ್ದುದು ಸಂಬಳದ ಸ್ಕೇಲು. ಈಗ ಕೊಂಡವರು ತೆಗೆದ ಫೋಟೋ, ಮಾಡಿದ ವಿಡಿಯೋ, ಬರೆದ ನಾಲ್ಕು ಸಾಲಿನ ಅನಿಸಿಕೆ, ಎಲ್ಲವೂ ಯುಜಿಸಿಯೇ. ಇವನ್ನು ಒಟ್ಟುಗೂಡಿಸಿ ಕಂಪನಿಗಳಿಗೆ ಕೊಡುವುದೇ ಒಂದು ಉದ್ಯಮವಾಗಿದೆ. ಅದಕ್ಕೆಂದೇ ಆಪ್‌ಗಳಿವೆ, ಏಜೆನ್ಸಿಗಳಿವೆ. ಅವುಗಳಿಗೆಲ್ಲ ಸೇರಿಸಿ ವೇದಿಕೆ ಎಂಬ ದೊಡ್ಡ ಹೆಸರಿದೆ.

ನಾನು ಇವನ್ನೆಲ್ಲ ಕೂತು ಓದಬೇಕಾಗಿ ಬಂದದ್ದು ಮಳವಳ್ಳಿಯ ನಮ್ಮ ಬಡಾವಣೆಯ ಹೆಂಗಸರಿಂದ. ಹನ್ನೊಂದು ಜನರ ಒಂದು ಸ್ವಸಹಾಯ ಸಂಘ. ರಾಗಿ ಹುರಿಹಿಟ್ಟು, ಹುಚ್ಚೆಳ್ಳು ಚಟ್ನಿಪುಡಿ, ಹಪ್ಪಳ ಮಾಡುತ್ತಾರೆ. ಆಲೆಮನೆಯಿಂದ ಬೆಲ್ಲ ತಂದು ಸಣ್ಣ ಪೊಟ್ಟಣ ಕಟ್ಟಿ ಮಾರುತ್ತಾರೆ. ಬೆಂಗಳೂರಿನ ಒಬ್ಬ ಹುಡುಗ ಬಂದು, "ನಿಮ್ಮ ಬ್ರಾಂಡ್ ಬೆಳೆಯಬೇಕಾದರೆ ಗ್ರಾಹಕರ ವಿಡಿಯೋ ಬೇಕು, ಇವುಗಳಲ್ಲಿ ಯಾವುದಾದರೂ ಒಂದು ವೇದಿಕೆ ಆರಿಸಿಕೊಳ್ಳಿ" ಎಂದು ಪಟ್ಟಿ ಕೊಟ್ಟು ಹೋದನಂತೆ. ಸಂಘದ ಅಧ್ಯಕ್ಷೆ ಆ ಪಟ್ಟಿಯನ್ನು ನನ್ನ ಮುಂದಿಟ್ಟು, "ಮೇಡಮ್ನೋರೇ, ನೀವು ಕತೆ ಪುಸ್ತಕ ಓದಿ ಇದು ಚೆನ್ನಾಗದೆ, ಇದು ಚೆನ್ನಾಗಿಲ್ಲ ಅಂತ ಬರೀತೀರಲ್ಲ, ಇದ್ನೂ ಒಸಿ ಓದಿ ಹೇಳಿ" ಎಂದರು. ವಿಮರ್ಶೆ ಬರೆಯುವವಳಿಗೆ ಇಷ್ಟು ನೇರವಾದ ಕೆಲಸವನ್ನು ಸಾಹಿತ್ಯ ಸಂಸ್ಥೆಗಳೂ ಕೊಟ್ಟಿರಲಿಲ್ಲ. ಹಾಗಾಗಿ ಇದು ಪುಸ್ತಕ ವಿಮರ್ಶೆಯಲ್ಲ, ಆದರೆ ವಿಮರ್ಶೆಯೇ. ಬಳಸಿದವರ ಮಾತು ಎಂದು ನಮ್ಮೆದುರಿಗೆ ಬರುವ ಬರಹ ಮತ್ತು ಚಿತ್ರಗಳನ್ನು ಓದುವುದು ಹೇಗೆ, ಅವನ್ನು ಎಲ್ಲಿಂದ ತರಬೇಕು ಎಂಬುದು ಇಲ್ಲಿನ ಪ್ರಶ್ನೆ.

ಹೊಸದನ್ನು ಅಳೆಯಲು ಹಳೆಯ ಸೇರು ಬೇಕಾಗುತ್ತದೆ. ನಮ್ಮ ಜಿಲ್ಲೆಯಲ್ಲಿ ಆ ಸೇರು ಮದ್ದೂರು ವಡೆ. ಮಳವಳ್ಳಿಗೆ ರೈಲಿಲ್ಲ. ರೈಲಿನ ಆಸೆ ತೀರಿಸಿಕೊಳ್ಳಲು ನಾವು ಮದ್ದೂರಿಗೇ ಹೋಗಬೇಕು. ಅಲ್ಲಿನ ನಿಲ್ದಾಣದಲ್ಲಿ ರಾಮಚಂದ್ರ ಬುದ್ಯ ಎಂಬವರು 1917ರಲ್ಲಿ ಈ ವಡೆಯನ್ನು ಮೊದಲು ಕರಿದರೆಂದು ಹೇಳುತ್ತಾರೆ. ರವೆ, ಅಕ್ಕಿಹಿಟ್ಟು, ಮೈದಾ, ಈರುಳ್ಳಿಯ ಈ ಗರಿಗರಿ ತಿನಿಸಿಗೆ ಊರ ಹೆಸರೇ ಅಂಟಿಕೊಂಡಿತು. ಹೆಸರು ಕೊಟ್ಟವರು ಯಾರು? ಬೆಂಗಳೂರು ಮೈಸೂರಿನ ನಡುವೆ ಓಡಾಡಿದ ಪ್ರಯಾಣಿಕರು. ಅವರು ತಿಂದರು, ಕಾಗದದಲ್ಲಿ ಕಟ್ಟಿಸಿಕೊಂಡು ಮನೆಗೊಯ್ದರು, ನೆಂಟರಿಗೆ ಹೇಳಿದರು. ಎಣ್ಣೆ ಹಳತಾದ ದಿನ ಮುಖ ಸಿಂಡರಿಸಿಯೂ ಇರಬೇಕು. ಹೊಗಳಿದವನು ಮುಂದಿನ ವಾರ ಅದೇ ರೈಲಿನಲ್ಲಿ ಮತ್ತೆ ಬರುತ್ತಿದ್ದ. ಅವನ ಮಾತನ್ನು ನಂಬಿ ಕೊಂಡ ನೆಂಟನೂ ಅವನಿಗೆ ಮತ್ತೆ ಎದುರಾಗುತ್ತಿದ್ದ. ಮಾತಾಡಿದವರು ಮಾತಿಗೆ ಸಿಕ್ಕಬೇಕು ಎಂಬುದೇ ಬಾಯಿಮಾತಿನ ಶಕ್ತಿ.

ಜನರ ಮಾತನ್ನು ಕಂಪನಿಗಳು ಸಂಗ್ರಹಿಸುವುದೂ ಹೊಸದಲ್ಲ. 1952ರ ಕೊನೆಯಲ್ಲಿ ರೇಡಿಯೋ ಸಿಲೋನಿನಿಂದ ಅಮೀನ್ ಸಯಾನಿಯವರ ಬಿನಾಕಾ ಗೀತ್‌ಮಾಲಾ ಶುರುವಾಯಿತು. ಹೆಸರಿನಲ್ಲಿದ್ದದ್ದು ಹಲ್ಲುಜ್ಜುವ ಪೇಸ್ಟು, ಕಾರ್ಯಕ್ರಮ ತುಂಬಿದ್ದು ಕೇಳುಗರ ಕಾಗದಗಳಿಂದ. 1990ರ ದಶಕದಲ್ಲಿ ಸಿದ್ಧಾರ್ಥ ಕಾಕ್ ಮತ್ತು ರೇಣುಕಾ ಶಹಾಣೆ ನಡೆಸಿಕೊಡುತ್ತಿದ್ದ 'ಸುರಭಿ' ನಿಮಗೆ ನೆನಪಿರಬಹುದು. ಅಮುಲ್ ಅದರ ಪ್ರಾಯೋಜಕ. ಅದಕ್ಕೆ ಲಕ್ಷಗಟ್ಟಲೆ ಕಾರ್ಡುಗಳು ಬಂದು ಬಿದ್ದ ಕಾರಣ ಅಂಚೆ ಇಲಾಖೆ ಸ್ಪರ್ಧೆಗೆಂದೇ 2 ರೂಪಾಯಿಯ ಬೇರೆ ಕಾರ್ಡು ತರಬೇಕಾಯಿತು. ಈ ಎರಡರಲ್ಲೂ ಕಂಪನಿಗೆ ಲಾಭವಾಯಿತು, ಅದರಲ್ಲಿ ಅನುಮಾನವಿಲ್ಲ. ಆದರೆ ಕಾರ್ಡು ಬರೆದವಳು ತನ್ನ ಕೈಬರಹದಲ್ಲಿ ತನ್ನ ಮಾತನ್ನೇ ಬರೆದಳು. ಹೆಸರು, ಊರು ಕೆಳಗಿತ್ತು. ಅದನ್ನು ಓದಿ ಹೇಳುತ್ತಾರೆಂದು ತಿಳಿದೇ ಕಳಿಸಿದಳು. ಪೇಸ್ಟನ್ನು ಹೊಗಳು ಎಂದು ಅವಳ ಬಾಯಿಗೆ ಯಾರೂ ಮಾತು ತುರುಕಲಿಲ್ಲ.

ಇವೆರಡನ್ನು ಮುಂದಿಟ್ಟುಕೊಂಡು ನಾನು ನಾಲ್ಕು ಪ್ರಶ್ನೆ ಮಾಡಿಕೊಂಡೆ. ಮಾತಾಡುವವರು ನಿಜವಾಗಿ ತಿಂದವರೇ? ತಮ್ಮ ಮಾತು ಜಾಹೀರಾತಾಗುತ್ತದೆಂದು ತಿಳಿದು ಒಪ್ಪಿದ್ದಾರೆಯೇ? ಬೈದ ಮಾತಿಗೂ ಅಲ್ಲಿ ಜಾಗ ಉಂಟೇ? ನಾಳೆ ಆ ವೇದಿಕೆ ಬಾಗಿಲು ಹಾಕಿದರೆ ನಮ್ಮ ಕೈಲಿ ಏನು ಉಳಿಯುತ್ತದೆ? ಬೆಂಗಳೂರಿನ ಹುಡುಗನ ಪಟ್ಟಿಯಲ್ಲಿ ಬೇರೆ ಪ್ರಶ್ನೆಗಳಿದ್ದವು. ತಿಂಗಳಿಗೆ ಎಷ್ಟು ವಿಡಿಯೋ, ಎಷ್ಟು ಬೇಗ, ಒಂದಕ್ಕೆ ಎಷ್ಟು ಹಣ. ಅವೂ ಕೇಳಬೇಕಾದವೇ, ಆದರೆ ಆಮೇಲೆ.

ಪಟ್ಟಿಯಲ್ಲಿದ್ದವನ್ನು ಮೂರು ಜಾತಿ ಮಾಡಬಹುದು. ಮೊದಲನೆಯದು ಮಾಡಿಸಿಕೊಳ್ಳುವ ಜಾತಿ. ಅಲ್ಲಿ ನೂರಾರು ಹುಡುಗ ಹುಡುಗಿಯರ ಮುಖಗಳಿರುತ್ತವೆ. ನಮಗೆ ಬೇಕಾದ ವಯಸ್ಸು, ಭಾಷೆ, ಚಹರೆ ಆರಿಸಿ, ಹಣ ಕಟ್ಟಿ, ಪೊಟ್ಟಣ ಕಳಿಸಬೇಕು. ಜೊತೆಗೆ ಏನು ಹೇಳಬೇಕೆಂಬ ಹಾಳೆಯನ್ನೂ ಕಳಿಸಬಹುದು. ಕೆಲವೇ ದಿನದಲ್ಲಿ ಆಕೆ ತನ್ನ ಅಡುಗೆಮನೆಯಲ್ಲಿ ನಿಂತು ನಮ್ಮ ಹುರಿಹಿಟ್ಟನ್ನು ಬಾಯಿಗಿಟ್ಟು ಕಣ್ಣರಳಿಸುವ ವಿಡಿಯೋ ಬರುತ್ತದೆ.

ಇಂಥವನ್ನು ನಾನು ಎರಡು ಸಂಜೆ ಕೂತು ನೋಡಿದೆ. ಒಂದು ನೋಡಿದಾಗ ಚೆನ್ನಾಗಿದೆ ಎನ್ನಿಸಿತು. ಹತ್ತು ನೋಡುವಷ್ಟರಲ್ಲಿ ಹಳೆಯ ಸಿನಿಮಾದ ತಾಯಿಪಾತ್ರದಂತೆ ಮುಂದೇನೆಂದು ಮೊದಲೇ ಗೊತ್ತಾಗತೊಡಗಿತು. ಬಾಗಿಲು ತಟ್ಟುವ ಸದ್ದು, ಪಾರ್ಸೆಲ್ಲು, ಕತ್ತರಿ, "ನಿಜ ಹೇಳ್ತೀನಿ, ಮೊದಲು ನಾನೂ ನಂಬಿರಲಿಲ್ಲ" ಎಂಬ ಒಂದು ಮಾತು, ಒಂದು ಚಮಚ, ಅರಳಿದ ಕಣ್ಣು. ಎಣ್ಣೆಗೂ ಇದೇ, ಸೀರೆಗೂ ಇದೇ, ಹುರಿಹಿಟ್ಟಿಗೂ ಇದೇ. ನಿಜವಾಗಿ ತಿಂದವರು ಹೀಗೆ ಒಂದೇ ಅಚ್ಚಿನಲ್ಲಿ ಮಾತಾಡುವುದಿಲ್ಲ. ಸಂಘದ ಹುರಿಹಿಟ್ಟು ಕೊಂಡ ನಮ್ಮ ಬೀದಿಯ ಅಜ್ಜಿಯೊಬ್ಬರು ಹೇಳಿದ್ದು, "ಚೆನ್ನಾಗದೆ ಕಣವ್ವ, ಆದ್ರೆ ನಮ್ಮತ್ತೆ ಉರೀತಿದ್ದಂಗಿಲ್ಲ" ಎಂದು. ಆ 'ಆದ್ರೆ' ಇದೆಯಲ್ಲ, ಅದನ್ನು ಹಣ ಕೊಟ್ಟು ಬರೆಸಲು ಬರುವುದಿಲ್ಲ. ಒಂದು ವೇಳೆ ಹಾಳೆಯಲ್ಲಿ ಬರೆದುಕೊಟ್ಟರೆ ಅದೂ ಸುಳ್ಳಾಗುತ್ತದೆ.

ಆ ಹುಡುಗಿಯರನ್ನು ನಾನು ಹಳಿಯುತ್ತಿಲ್ಲ. ಸಣ್ಣ ಊರಿನ ಎಷ್ಟೋ ಹೆಣ್ಣುಮಕ್ಕಳು ಮನೆಯಲ್ಲೇ ಕುಳಿತು ನಾಲ್ಕು ಕಾಸು ಸಂಪಾದಿಸುತ್ತಿದ್ದಾರೆ. ಅದು ಮರ್ಯಾದೆಯ ದುಡಿಮೆ. ಹುರಿಹಿಟ್ಟನ್ನು ಮಜ್ಜಿಗೆಯಲ್ಲಿ ಹೇಗೆ ಕಲಸಬೇಕು, ಮಗುವಿಗೆ ಎಷ್ಟು ಕೊಡಬೇಕು ಎಂದು ತಿಳಿಸುವ ವಿಡಿಯೋ ಮಾಡಿಸಿದರೆ ಯಾರಿಗೂ ಮೋಸವಿಲ್ಲ. ಮೋಸವಿರುವುದು ದುಡಿಮೆಯಲ್ಲಲ್ಲ, ಹೆಸರಿನಲ್ಲಿ. ಹಣ ಪಡೆದ ನಟನೆಗೆ ಗ್ರಾಹಕಿಯ ಅನುಭವ ಎಂಬ ಹೆಸರು ಕೊಡುವುದರಲ್ಲಿ. ಈ ಬಗ್ಗೆ ನಮ್ಮ ದೇಶದಲ್ಲಿ ನಿಯಮಗಳೂ ಬಂದಿವೆ. ಜಾಹೀರಾತು ಗುಣಮಟ್ಟ ಮಂಡಳಿ 2021ರಲ್ಲಿ, ಹಣವನ್ನೋ ಉಡುಗೊರೆಯನ್ನೋ ಪಡೆದು ಮಾಡಿದ್ದನ್ನು ಜಾಹೀರಾತು ಎಂದು ಕಾಣುವಂತೆ ಬರೆಯಬೇಕೆಂದು ಹೇಳಿತು. 2023ರ ಜನವರಿಯಲ್ಲಿ ಕೇಂದ್ರ ಸರ್ಕಾರದ ಗ್ರಾಹಕ ವ್ಯವಹಾರಗಳ ಇಲಾಖೆಯೂ ಅದನ್ನೇ ಹೇಳಿತು. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಂತೆ ದಾರಿತಪ್ಪಿಸುವ ಜಾಹೀರಾತಿಗೆ 10 ಲಕ್ಷ ರೂಪಾಯಿವರೆಗೆ, ಮತ್ತೆ ಮಾಡಿದರೆ 50 ಲಕ್ಷದವರೆಗೆ ದಂಡ ಹಾಕಬಹುದು. ಹನ್ನೊಂದು ಜನರ ಸಂಘಕ್ಕೆ ಈ ಅಂಕಿಯನ್ನು ಓದಿ ಹೇಳಿದಾಗ ಕೋಣೆಯಲ್ಲಿ ಸ್ವಲ್ಪ ಹೊತ್ತು ಫ್ಯಾನಿನ ಸದ್ದು ಮಾತ್ರ ಕೇಳಿಸಿತು.

ಎರಡನೆಯದು ಆರಿಸಿಕೊಳ್ಳುವ ಜಾತಿ. ಜನ ತಮ್ಮ ಪಾಡಿಗೆ ತಾವು ಇನ್‌ಸ್ಟಾಗ್ರಾಂನಲ್ಲಿ ಹಾಕಿದ ಚಿತ್ರಗಳನ್ನು ಹುಡುಕಿ, ಚೆನ್ನಾಗಿರುವುದನ್ನು ಹೆಕ್ಕಿ ಕಂಪನಿಯ ಪುಟಕ್ಕೆ ತರುವ ಯಂತ್ರಗಳು ಇವು. ಇಲ್ಲಿ ನಟನೆಯಿಲ್ಲ, ಜನ ನಿಜವಾದವರೇ. ಮೊದಲ ಪ್ರಶ್ನೆಯಲ್ಲಿ ಇವು ತೇರ್ಗಡೆ. ಎರಡನೆಯ ಪ್ರಶ್ನೆಗೆ ಬಂದಾಗ ತೊಡಕು.

ಇದರ ಬಿಸಿ ನಮ್ಮ ಮನೆಗೇ ತಟ್ಟಿದೆ. ನನ್ನ ತಂಗಿಯ ಮಗಳು ಮಳೆಗಾಲದಲ್ಲಿ ಗೆಳತಿಯರ ಜೊತೆ ಗಗನಚುಕ್ಕಿಗೆ ಹೋಗಿದ್ದಳು. ಕಾವೇರಿ ತುಂಬಿ ಬೀಳುವುದನ್ನು ನೋಡಲು ನಮ್ಮ ತಾಲ್ಲೂಕಿಗೆ ಎಲ್ಲಿಂದಲೋ ಜನ ಬರುತ್ತಾರೆ, ಇವಳು ಹೋಗದಿರುತ್ತಾಳೆಯೇ? ಗೆಳತಿ ಒಂದು ಚಿತ್ರ ತೆಗೆದಳು, ಇವಳು ಅದನ್ನು ಹಾಕಿಕೊಂಡಳು. ಎರಡು ತಿಂಗಳ ಮೇಲೆ ಅದೇ ಚಿತ್ರ ಒಂದು ವಸತಿಗೃಹದ ಜಾಹೀರಾತಿನಲ್ಲಿ ಬಂತು. ಕೆಳಗೆ 'ನಮ್ಮ ಅತಿಥಿಗಳ ಸಂತೋಷವೇ ನಮ್ಮ ಸಂತೋಷ' ಎಂಬ ಸಾಲು. "ನಾನು ಆ ಲಾಡ್ಜಿನ ಬಾಗಿಲನ್ನೇ ನೋಡಿಲ್ಲ ದೊಡ್ಡಮ್ಮ" ಎಂದು ಅವಳು ಅತ್ತಳು. ಆಗ ಅವಳಿಗೆ ಗಂಡು ನೋಡುತ್ತಿದ್ದರು. ಬಂದ ಕಡೆಯವರು ನೇರವಾಗಿ ಕೇಳಲಿಲ್ಲ, ಬಳಸಿ ಕೇಳಿದರು: "ಹುಡುಗಿ ಯಾರ ಜೊತೆ ಹೋಗಿ ಉಳಕೊಂಡಿದ್ಲು?" ನನ್ನ ಭಾವ ಫೋನು ಮಾಡಿದರೆ ಆ ಕಡೆಯಿಂದ ಬಂದ ಉತ್ತರ, "ನಿಮ್ಮ ಹುಡುಗಿಯೇ ಎಲ್ಲರಿಗೂ ಕಾಣುವಂತೆ ಹಾಕಿದ್ದಾರಲ್ಲ ಸಾರ್." ಮೂರು ವಾರ ಅಲೆದ ಮೇಲೆ ಚಿತ್ರ ತೆಗೆದರು. ಊರು ಕೊಳ್ಳೆಹೊಡೆದ ಮೇಲೆ ಕೋಟೆ ಬಾಗಿಲು ಹಾಕಿದ ಹಾಗಾಯಿತು.

ಎಲ್ಲರಿಗೂ ಕಾಣುವಂತೆ ಹಾಕಿದ್ದು ಎಲ್ಲರಿಗೂ ಸೇರಿದ್ದು ಎಂಬ ಈ ವಾದವನ್ನು ಸ್ವಲ್ಪ ಬಿಡಿಸಿ ನೋಡಬೇಕು. ಅಂಗಳದಲ್ಲಿ ಬಿಟ್ಟ ರಂಗೋಲಿ ಬೀದಿಗೆಲ್ಲ ಕಾಣುತ್ತದೆ, ಹಾಗೆಂದು ಅದರ ಮೇಲೆ ಅಂಗಡಿಯ ಬೋರ್ಡು ನಿಲ್ಲಿಸಬಹುದೇ? 1957ರ ಕೃತಿಸ್ವಾಮ್ಯ ಕಾಯ್ದೆಯ ಪ್ರಕಾರ ಸಾಮಾನ್ಯವಾಗಿ ಚಿತ್ರದ ಮೊದಲ ಒಡೆತನ ಅದನ್ನು ತೆಗೆದವರದು. ಅಂದರೆ ಇಲ್ಲಿ ಗೆಳತಿಯದು. ಚಿತ್ರದಲ್ಲಿರುವ ಮುಖ ನಮ್ಮ ಹುಡುಗಿಯದು. ಹಾಗಾಗಿ ಮರ್ಯಾದೆಯ ವ್ಯಾಪಾರಕ್ಕೆ ಇಬ್ಬರ ಒಪ್ಪಿಗೆಯೂ ಬೇಕು. ವೈಯಕ್ತಿಕ ಮಾಹಿತಿಯ ರಕ್ಷಣೆಗೆ 2023ರಲ್ಲಿ ಕಾಯ್ದೆಯಾಯಿತು, 2025ರ ನವೆಂಬರಿನಲ್ಲಿ ಅದರ ನಿಯಮಗಳು ಪ್ರಕಟವಾದವು, ಜಾರಿ ಹಂತಹಂತವಾಗಿ ಆಗಬೇಕು. ಒಪ್ಪಿಗೆ ಎನ್ನುವುದು ಸ್ವತಂತ್ರವಾಗಿರಬೇಕು, ನಿರ್ದಿಷ್ಟವಾಗಿರಬೇಕು, ಕೊಟ್ಟಷ್ಟೇ ಸುಲಭವಾಗಿ ಹಿಂದಕ್ಕೆ ಪಡೆಯುವಂತಿರಬೇಕು, ಕೇಳುವ ಸೂಚನೆ ಕನ್ನಡದಲ್ಲೂ ದೊರೆಯಬೇಕು ಎಂದು ಅದು ಹೇಳುತ್ತದೆ. ಒಳ್ಳೆಯ ಮಾತು. ಆದರೆ ವ್ಯಕ್ತಿ ತಾನೇ ಸಾರ್ವಜನಿಕಗೊಳಿಸಿದ ಮಾಹಿತಿಯನ್ನು ಅದೇ ಕಾಯ್ದೆ ತನ್ನ ವ್ಯಾಪ್ತಿಯಿಂದ ಹೊರಗಿಟ್ಟಿದೆ. ಕಾನೂನಿನ ಬೇಲಿಯಲ್ಲಿ ಇಂಥ ಕಂಡಿ ಇರುವಾಗ ಬೇಲಿಯನ್ನು ನಾವೇ ಕಟ್ಟಿಕೊಳ್ಳಬೇಕು.

ಕೆಲವು ಯಂತ್ರಗಳು ಒಪ್ಪಿಗೆ ಕೇಳುತ್ತವೆ, ಅದನ್ನೂ ಹೇಳಬೇಕು. ಚಿತ್ರದ ಕೆಳಗೆ, 'ಇದು ನಮಗೆ ಬಹಳ ಇಷ್ಟವಾಯಿತು, ಬಳಸಿಕೊಳ್ಳಬಹುದೇ? ಹೌದು ಎಂದು ಬರೆಯಿರಿ' ಎಂಬ ಒಂದು ಸಾಲು ಬರುತ್ತದೆ. ಹೌದು ಎಂಬ ಆ ಪದದ ಬೆನ್ನಿಗೆ ಬೇರೆಲ್ಲೋ ಇರುವ ಉದ್ದನೆಯ ಇಂಗ್ಲಿಷ್ ಕರಾರು ಅಂಟಿಕೊಂಡಿರುತ್ತದೆ. ಎಷ್ಟು ವರ್ಷ, ಯಾವ ಯಾವ ಕಡೆ, ಬಸ್ಸಿನ ಹಿಂಭಾಗಕ್ಕೋ ಪತ್ರಿಕೆಗೋ, ಬದಲಾಯಿಸಬಹುದೋ, ಎಲ್ಲ ಅಲ್ಲಿದೆ. ಹೊಗಳಿಕೆಯ ಸಂತೋಷದಲ್ಲಿ ಹುಡುಗಿ ಹೌದು ಎಂದುಬಿಡುತ್ತಾಳೆ. ಇದನ್ನು ಒಪ್ಪಿಗೆ ಎನ್ನುವುದಾದರೆ, ನಮ್ಮ ಕಡೆ ಹೆಣ್ಣು ನೋಡುವ ಶಾಸ್ತ್ರದಲ್ಲಿ ತಲೆ ತಗ್ಗಿಸಿ ಕೂತದ್ದನ್ನೂ ಒಪ್ಪಿಗೆ ಎಂದೇ ಎನ್ನುತ್ತಿದ್ದರು.

ಮೂರನೆಯದು ಕೊಂಡ ಮೇಲೆ ಕೇಳುವ ಜಾತಿ. ಅಮೆಜಾನ್, ಮೀಶೋ ಮುಂತಾದ ಮಾರಾಟದ ತಾಣಗಳಲ್ಲಿ ಸಾಮಾನು ಕೈಸೇರಿದ ಮೇಲೆ ಎಷ್ಟು ನಕ್ಷತ್ರ, ಏನನಿಸಿತು, ಚಿತ್ರವಿದ್ದರೆ ಹಾಕಿ ಎಂದು ಕೇಳುತ್ತಾರೆ. ಇಲ್ಲಿ ಮಾತಾಡುವವರು ಬಹುಮಟ್ಟಿಗೆ ಕೊಂಡವರು. ಬೈಗುಳಕ್ಕೂ ಜಾಗವಿದೆ. ನಾಲ್ಕು ಪ್ರಶ್ನೆಗಳಲ್ಲಿ ಹೆಚ್ಚು ಅಂಕ ಬಂದದ್ದು ಇದಕ್ಕೇ. ಆದರೂ ಇಲ್ಲಿ ಹುಸಿ ಹೊಗಳಿಕೆ ನುಸುಳಿದ್ದರಿಂದಲೇ ಅಮೆಜಾನ್ 2016ರಲ್ಲಿ, ಪುಕ್ಕಟೆ ಸಾಮಾನು ಪಡೆದು ಬರೆಯುವ ಅನಿಸಿಕೆಗಳನ್ನು ತನ್ನದೇ ಒಂದು ಯೋಜನೆಯ ಹೊರತು ನಿಲ್ಲಿಸಿತು. ನಮ್ಮ ಭಾರತೀಯ ಮಾನಕ ಬ್ಯೂರೋ 2022ರಲ್ಲಿ ಐಎಸ್ 19000 ಎಂಬ ಮಾನಕವನ್ನು ತಂದು, ಅನಿಸಿಕೆಗಳನ್ನು ಹೇಗೆ ಸಂಗ್ರಹಿಸಬೇಕು, ಬರೆದವರನ್ನು ಹೇಗೆ ಖಚಿತಪಡಿಸಿಕೊಳ್ಳಬೇಕು, ಹೇಗೆ ಪ್ರಕಟಿಸಬೇಕು ಎಂದು ಗೊತ್ತುಮಾಡಿತು. ಹಣ ಕೊಟ್ಟು ಬರೆಸಿದ್ದನ್ನು, ಮಾರುವವರ ಕಡೆಯವರೇ ಬರೆದದ್ದನ್ನು ಅದು ಒಪ್ಪುವುದಿಲ್ಲ. ಅಮೆರಿಕದಲ್ಲಿ 2024ರ ಅಕ್ಟೋಬರಿನಿಂದ ಹುಸಿ ಅನಿಸಿಕೆಗಳ ಮಾರಾಟವೇ ನಿಯಮಬಾಹಿರ. ರೋಗ ಎಷ್ಟು ದೂರ ಹಬ್ಬಿದೆ ಎಂಬುದಕ್ಕೆ ಔಷಧಿಯ ಪಟ್ಟಿಯೇ ಸಾಕ್ಷಿ.

ಈ ಜಾತಿಯ ಬರಹವನ್ನು ವಿಮರ್ಶಕಿಯಾಗಿ ಓದಿದರೆ ಇನ್ನೊಂದು ಕೊರತೆ ಕಾಣುತ್ತದೆ. ಬರೆಯುವವರು ರುಚಿಗಿಂತ ಹೆಚ್ಚಾಗಿ ಡಬ್ಬಿಯನ್ನು ಕುರಿತು ಬರೆಯುತ್ತಾರೆ. ಪ್ಯಾಕಿಂಗ್ ಚೆನ್ನಾಗಿದೆ, ಬೇಗ ಬಂತು, ಹುಡುಗ ಒರಟಾಗಿ ಮಾತಾಡಿದ. ಚಿತ್ರಗಳಂತೂ ಬಣ್ಣವನ್ನೇ ನಂಬುತ್ತವೆ. ಇದು ಮಂಡ್ಯದ ಬೆಲ್ಲದ ಮಟ್ಟಿಗೆ ಸಣ್ಣ ವಿಷಯವಲ್ಲ. ಆಲೆಮನೆಯ ಕೊಪ್ಪರಿಗೆಯಲ್ಲಿ ಸೋಡಿಯಂ ಹೈಡ್ರೋಸಲ್ಫೈಟ್, ಅಂದರೆ ಜನ ಹೈಡ್ರೋಸ್ ಎನ್ನುವ ಪುಡಿ ಹಾಕಿದರೆ ಬೆಲ್ಲ ತಿಳಿಹಳದಿಯಾಗಿ ಹೊಳೆಯುತ್ತದೆ. ಹಾಕದ ಬೆಲ್ಲ ಕಂದುಬಣ್ಣ, ಸ್ವಲ್ಪ ಮೆತ್ತಗೆ. ನಮ್ಮ ಸಂಘದವರು ತರುವುದು ಎರಡನೆಯದನ್ನು. ಪಾಯಸಕ್ಕೆ ಹಾಕಿ ನೋಡಿದವರಿಗೆ ಅದರ ಬೆಲೆ ಗೊತ್ತು. ಆದರೆ ಫೋಟೋದಲ್ಲಿ ಎರಡನ್ನೂ ಪಕ್ಕಪಕ್ಕ ಇಟ್ಟರೆ ಗೆಲ್ಲುವುದು ಹೊಳೆಯುವ ಬೆಲ್ಲ. ಚಿತ್ರವನ್ನೇ ಸಾಕ್ಷಿಯೆಂದು ಬಗೆಯುವ ವೇದಿಕೆ ತನಗೇ ಅರಿವಿಲ್ಲದೆ ಹೈಡ್ರೋಸಿನ ಪಕ್ಷ ವಹಿಸುತ್ತದೆ. ಬೆಲ್ಲಕ್ಕೆ ನಾಲಗೆಯ ಸಾಕ್ಷಿ ಬೇಕು, ನಾಲಗೆಯ ಸಾಕ್ಷಿ ಮಾತಿನಲ್ಲೇ ಬರಬೇಕು.

ಇನ್ನು ನಾಲ್ಕನೆಯ ಪ್ರಶ್ನೆ. ಬಾಗಿಲು ಹಾಕಿದರೆ? ಇದು ಕಲ್ಪನೆಯ ಭಯವಲ್ಲ. 2020ರ ಜೂನ್ 29ರಂದು ಟಿಕ್‌ಟಾಕ್ ಸೇರಿ 59 ಆಪ್‌ಗಳನ್ನು ಸರ್ಕಾರ ನಿಷೇಧಿಸಿತು. ಅಡುಗೆ, ಹಾಡು, ತಮಾಷೆ ಎಂದು ಹಳ್ಳಿಯ ಹೆಣ್ಣುಮಕ್ಕಳು ಕಟ್ಟಿಕೊಂಡಿದ್ದ ಲೋಕ ಬೆಳಗಾಗುವುದರೊಳಗೆ ಕಾಣೆಯಾಯಿತು. ನಿಷೇಧ ಸರಿಯೇ ತಪ್ಪೇ ಎಂಬುದು ಬೇರೆ ಚರ್ಚೆ. ಬೆಂಗಳೂರಿನಲ್ಲೇ ಹುಟ್ಟಿ, ಮೊದಲು ಕನ್ನಡದಲ್ಲೇ ಮಾತು ಕಲಿತ ಕೂ ಎಂಬ ತಾಣ 2024ರ ಜುಲೈನಲ್ಲಿ ನಿಂತುಹೋಯಿತು. ಅದಕ್ಕೆ ಯಾರ ನಿಷೇಧವೂ ಬೇಕಾಗಲಿಲ್ಲ, ಹಣ ಸಾಲಲಿಲ್ಲ. ಬಾಡಿಗೆ ಮನೆಯ ಹಿತ್ತಲಲ್ಲಿ ತೆಂಗಿನ ಸಸಿ ನೆಡುವವರು ಮನೆಯೊಡೆಯನ ಮನಸ್ಸನ್ನೂ ಯೋಚಿಸಬೇಕಾಗುತ್ತದೆ.

ದೊಡ್ಡವರು ಇದನ್ನೆಲ್ಲ ಹೇಗೆ ನಿಭಾಯಿಸುತ್ತಾರೆ ಎಂದು ಕೇಳಬಹುದು. 2025ರ ಮೇ ತಿಂಗಳಲ್ಲಿ ನಮ್ಮದೇ ರಾಜ್ಯದ ಮೈಸೂರು ಸ್ಯಾಂಡಲ್ ಸೋಪಿಗೆ ನಟಿ ತಮನ್ನಾ ಭಾಟಿಯಾ ಅವರನ್ನು ಎರಡು ವರ್ಷಕ್ಕೆ 6.2 ಕೋಟಿ ರೂಪಾಯಿಗೆ ರಾಯಭಾರಿಯಾಗಿ ಆರಿಸಿದಾಗ ಎದ್ದ ಗದ್ದಲ ನೆನಪಿರಬಹುದು. ಕನ್ನಡದ ನಟಿಯರಿರಲಿಲ್ಲವೇ ಎಂದು ಹಲವರು ಕೇಳಿದರು. ಹೊರರಾಜ್ಯದ ಮಾರುಕಟ್ಟೆಗಾಗಿ ಹೀಗೆ ಮಾಡಿದ್ದೇವೆ ಎಂದು ಸಚಿವರು ಉತ್ತರ ಕೊಟ್ಟರು. ಆ ಜಗಳದಲ್ಲಿ ನನಗೆ ತೋಚಿದ್ದು ಬೇರೆ. ಮೂರು ತಲೆಮಾರು ಆ ಸೋಪನ್ನು ಸೀರೆಯ ಟ್ರಂಕಿನಲ್ಲಿಟ್ಟು, ಬಾಣಂತಿಗೆ ಒಂದು, ನೆಂಟರಿಗೆ ಒಂದು ಎಂದು ಎಣಿಸಿ ಕೊಟ್ಟ ಹೆಂಗಸರ ಮಾತಿಗೆ ಯಾರು ರಾಯಭಾರಿ? ನಟಿ ಬೇಕೋ ಬೇಡವೋ ಎಂದು ಎಲ್ಲರೂ ಮಾತಾಡಿದರು, ಬಳಸಿದವರನ್ನು ಕೇಳುವ ಮಾತು ಬರಲಿಲ್ಲ. ನಟಿಯನ್ನು ನೋಡಿದಾಗ ಇದು ಜಾಹೀರಾತು ಎಂದಾದರೂ ಗೊತ್ತಾಗುತ್ತದೆ. ಪಕ್ಕದ ಮನೆಯವಳ ವೇಷದಲ್ಲಿ ಬರುವ ಬಾಡಿಗೆಯ ಗ್ರಾಹಕಿಗಿಂತ ಅದು ಪ್ರಾಮಾಣಿಕ ಎಂದೇ ನನ್ನ ಎಣಿಕೆ.

ಸಂಘದವರಿಗೆ ನಾನು ಬರೆದುಕೊಟ್ಟ ತೀರ್ಪು ಹೀಗಿತ್ತು. ಮಾಡಿಸಿಕೊಳ್ಳುವ ಆಪ್ ಬೇಡ. ಬಳಸುವ ವಿಧಾನ ತೋರಿಸಲು ಎಂದಾದರೂ ಮಾಡಿಸಿದರೆ, ಹಣ ಕೊಟ್ಟು ಮಾಡಿಸಿದ್ದು ಎಂದು ಕನ್ನಡದಲ್ಲಿ ದೊಡ್ಡದಾಗಿ ಬರೆಯಿರಿ. ಜಾಲದಿಂದ ಹೆಕ್ಕುವ ಯಂತ್ರ ಬೇಡವೇ ಬೇಡ. ಮಾರಾಟದ ತಾಣ ಇರಲಿ, ಅಲ್ಲಿ ಬಂದ ಒಂದು ನಕ್ಷತ್ರದ ಬೈಗುಳಕ್ಕೂ ಉತ್ತರ ಬರೆಯಿರಿ. ಆದರೆ ಮುಖ್ಯ ವೇದಿಕೆ ನಿಮ್ಮದೇ ಆಗಿರಲಿ. ಪೊಟ್ಟಣದೊಳಗೆ ಒಂದು ಚೀಟಿ ಹಾಕಿ, ಸಂಘದ ವಾಟ್ಸಪ್ ನಂಬರು ಕೊಟ್ಟು, ಉಪ್ಪು ಖಾರ ಹೇಗಿತ್ತು, ಏನಕ್ಕೆ ಬಳಸಿದಿರಿ, ಏನು ಸಾಲದು ಎಂದು ಕೇಳಿ. ಬರೆಯಲು ಬಾರದವರು ದನಿಯಲ್ಲೇ ಹೇಳಿ ಕಳಿಸಲಿ. ಅದನ್ನು ಹೊರಗೆ ಹಾಕುವ ಮುನ್ನ ಮತ್ತೆ ಕೇಳಿ: ಎಲ್ಲಿ ಹಾಕುತ್ತೇವೆ, ಎಷ್ಟು ದಿನ, ಹೆಸರು ಹಾಕಬಹುದೇ, ಮುಖ ಬೇಡವೇ, ಬೇಡವೆನಿಸಿದರೆ ಒಂದು ಮಾತು ಹೇಳಿ ತೆಗೆಯುತ್ತೇವೆ. ಬಂದದ್ದನ್ನೆಲ್ಲ ಒಂದು ಉದ್ದದ ನೋಟ್ ಪುಸ್ತಕದಲ್ಲಿ ತಾರೀಖು ಹಾಕಿ ಬರೆದಿಡಿ. ವಾಟ್ಸಪ್ಪೂ ಬಾಡಿಗೆ ಮನೆಯೇ, ನೋಟ್ ಪುಸ್ತಕ ಮಾತ್ರ ಸ್ವಂತದ್ದು.

ಖಜಾಂಚಿ ಆಕ್ಷೇಪ ಎತ್ತಿದರು. "ಇಂಗೆ ಮಾಡುದ್ರೆ ತಿಂಗ್ಳಿಗೆ ನಾಕು ಮಾತು ಬತ್ತವೆ ಅಷ್ಟೇಯ. ಆ ಉಡ್ಗ ಐವತ್ತು ವಿಡಿಯೋ ಕೊಡುಸ್ತೀನಿ ಅಂತನೆ." ಅದು ಸುಳ್ಳಲ್ಲ. ಪೈಪೋಟಿಯ ಪೇಟೆಯಲ್ಲಿ ನಾಲ್ಕು ಮಾತು ಕಡಿಮೆಯೇ. ಬ್ಯಾಂಕಿನ ಕಂತು ಕಟ್ಟಬೇಕಾದವರಿಗೆ ನನ್ನ ತೀರ್ಪು ನಿಧಾನದ್ದು ಎಂಬುದೂ ನನಗೆ ಗೊತ್ತಿತ್ತು. ಆದರೆ ಆ ಐವತ್ತರಲ್ಲಿ ಒಬ್ಬಳೂ ಎರಡನೆಯ ಸಲ ಪೊಟ್ಟಣ ಕೊಳ್ಳುವುದಿಲ್ಲ. ಈ ನಾಲ್ವರು ಕೊಳ್ಳುತ್ತಾರೆ, ಜೊತೆಗೆ ನಾದಿನಿಗೂ ಹೇಳುತ್ತಾರೆ. ಚರ್ಚೆ ಸಂಜೆಯವರೆಗೂ ನಡೆಯಿತು. ಕೊನೆಗೆ ಹನ್ನೊಂದರಲ್ಲಿ ಏಳು ಜನ ಚೀಟಿಯ ಕಡೆಗೆ ಕೈಯೆತ್ತಿದರು.

ಚೀಟಿ ಹಾಕಿದ ಮೊದಲ ತಿಂಗಳು ಬಂದದ್ದು ಒಂಬತ್ತು ಉತ್ತರ. ಅದರಲ್ಲಿ ಒಂದು ಮೈಸೂರಿನ ಹೆಂಗಸೊಬ್ಬರ ದನಿ. ಹುಚ್ಚೆಳ್ಳು ಚಟ್ನಿಪುಡಿಗೆ ಉಪ್ಪು ಜಾಸ್ತಿಯಾಗಿದೆ, ರಕ್ತದೊತ್ತಡ ಇರುವ ತನ್ನ ಅತ್ತೆಗೆ ಕೊಡಲಾಗಲಿಲ್ಲ, ಆದರೆ ಹುಚ್ಚೆಳ್ಳು ಹುರಿದ ಹದ ಮಾತ್ರ ತನ್ನ ತವರಿನದೇ ಎಂದು ಅವರು ಹೇಳಿದ್ದರು. ಇದನ್ನು ಹೊರಗೆ ಹಾಕುವುದೇ ಬೇಡವೇ ಎಂದು ಮತ್ತೆ ಜಗಳ. ಕೆಲವರು ಉಪ್ಪಿನ ಮಾತು ಕತ್ತರಿಸಿ ತವರಿನ ಮಾತು ಮಾತ್ರ ಇಟ್ಟುಕೊಳ್ಳೋಣ ಎಂದರು. ಹಾಗೆ ಕತ್ತರಿಸುವುದಾದರೆ ಬೆಂಗಳೂರಿನ ಹುಡುಗನ ಆಪೇ ವಾಸಿ, ಅಲ್ಲಿ ಕತ್ತರಿಸುವ ಶ್ರಮವೂ ಇಲ್ಲ ಎಂದೆ. ಅಧ್ಯಕ್ಷೆ ಫೋನು ಮಾಡಿ ಅವರ ಒಪ್ಪಿಗೆ ಕೇಳಿದರು. "ಪೂರ್ತಿ ಹಾಕುದ್ರೆ ಹಾಕಿ, ಅರ್ಧ ಹಾಕ್ಬೇಡಿ" ಎಂದರಂತೆ. ಪೂರ್ತಿ ಹಾಕಿದರು. ಕೆಳಗೆ, 'ಉಪ್ಪು ಕಡಿಮೆ ಮಾಡಿದ ಪೊಟ್ಟಣವನ್ನೂ ಈಗ ಕಟ್ಟುತ್ತಿದ್ದೇವೆ' ಎಂದು ಒಂದು ಸಾಲು ಸೇರಿಸಿದರು. ಆ ಪೊಟ್ಟಣಕ್ಕೆ ಈಗ ಬೇರೆಯೇ ಗಿರಾಕಿಗಳಿದ್ದಾರೆ, ಅವರಲ್ಲಿ ಹೆಚ್ಚಿನವರು ಮನೆಯಲ್ಲಿ ವಯಸ್ಸಾದವರಿರುವವರು.